ಮೇಷ್ಟ್ರು ಹೆಸರಿಡದೆ ಹೋದ ಪತಂಗ

ಚಿಂತಾಮಣಿಯ ಕಾಲೇಜಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಜನ ಮಾತಾಡಿದರು. ನಾಲ್ವರೂ ಹೇಳಿದ್ದು ಒಂದೇ ಕಥೆ. ನಮ್ಮ ಮೇಷ್ಟ್ರು ಆಫ್ರಿಕಾದಲ್ಲಿ ಯಾರೂ ಕಂಡಿರದ ಪತಂಗವೊಂದನ್ನು ಕಂಡುಹಿಡಿದರಂತೆ, ಹೊರದೇಶದ ವಿಜ್ಞಾನಿಗಳು ಅದನ್ನು ಕದ್ದು ತಮ್ಮ ಹೆಸರಿಗೆ ಮಾಡಿಕೊಂಡರಂತೆ, ಆ ಕೊರಗಿನಲ್ಲೇ ಮೇಷ್ಟ್ರು ತೀರಿಕೊಂಡರಂತೆ. ಕೊನೆಗೆ ಮಾತಾಡಿದವರು ಮೇಷ್ಟ್ರ ಹಳೆಯ ಶಿಷ್ಯರು, ಈಗ ಗೌರಿಬಿದನೂರಿನಲ್ಲಿ ಉಪನ್ಯಾಸಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಮ್ಮ ಜಿಲ್ಲೆಗೆ ಬರಬೇಕಾಗಿದ್ದ ಕೀರ್ತಿ ಅದು" ಎಂದರು. ಜನ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿಗೆ ಚಪ್ಪಾಳೆ ತಟ್ಟಬಾರದೆಂದು ಮುಂದಿನ ಸಾಲಿನವರಿಗೆ ನೆನಪಾಗಿ ಅದು ಅರ್ಧಕ್ಕೇ ನಿಂತಿತು.

ನಾನು ಏಳುವುದರಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ವೇಲಿನ ತುದಿ ಹಿಡಿದುಕೊಂಡಳು.

"ಕೂತ್ಕೊಳ್ಳಮ್ಮ. ಸತ್ತೋರ ಫೋಟೋ ಮುಂದೇನೂ ವಾದ ಮಾಡ್ತೀಯಾ?"

ಕೂತೆ. ಆದರೆ ಬರೆಯುವವಳ ವೇಲು ಹಿಡಿಯುವವರಿಲ್ಲ. ಹೊಸ ಜಾತಿಯ ಜೀವಿಯೊಂದು ಇದೆ ಎಂದು ಲೋಕ ಒಪ್ಪಬೇಕಾದರೆ ಅದರ ಮೈಯ ವಿವರವನ್ನು ಒಂದು ಲೇಖನವಾಗಿ ಬರೆದು ಪ್ರಕಟಿಸಬೇಕು. ಮೇಷ್ಟ್ರ ಆ ಲೇಖನವನ್ನು, ಅವರು ಹೇಳಿದ ಹಾಗೆ, ಎರಡು ವರ್ಷ ಕಂಪ್ಯೂಟರಿನಲ್ಲಿ ಟೈಪು ಮಾಡಿದವಳು ನಾನು. ಹಾಗಾಗಿ ಹೇಳುತ್ತೇನೆ. ಪತಂಗವನ್ನು ಕಂಡುಹಿಡಿದದ್ದು ಮೇಷ್ಟ್ರಲ್ಲ. ಅದನ್ನು ಯಾರೂ ಕದ್ದಿಲ್ಲ. ಇವತ್ತಿಗೂ ಅದಕ್ಕೊಂದು ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಾರ ಹೆಸರಿಗೆ ಹೇಗೆ ಮಾಡಿಕೊಂಡರು ಎಂದು ಆ ನಾಲ್ವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಇನ್ನು ಮೂರನೆಯ ಮಾತು, ಕೊರಗಿನದು. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರನ್ನು ನಾನು ಮೊದಲು ನೋಡಿದ್ದು ಚಿಕ್ಕಬಳ್ಳಾಪುರದ ಒಂದು ಚರ್ಚಾಸ್ಪರ್ಧೆಯಲ್ಲಿ. ಆಗ ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೆ. ಮೃಗಾಲಯಗಳು ಬೇಕೇ, ಬೇಡವೇ ಎನ್ನುವುದು ವಿಷಯ. ಬೇಡ ಎಂದು ವಾದಿಸಿದೆ. ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು. ತೆಳ್ಳನೆಯ ಮನುಷ್ಯ, ತುಂಬುತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಭೂತಗನ್ನಡಿ. ನನಗೆ ಎರಡನೆಯ ಬಹುಮಾನ ಬಂತು. ಸುಮ್ಮನೆ ಮನೆಗೆ ಹೋಗುವ ಜಾಯಮಾನ ನನ್ನದಲ್ಲ. ಅವರು ಟೀ ಕುಡಿಯುವಲ್ಲಿಗೆ ಹೋಗಿ ನಿಂತೆ.

"ಸರ್, ನನಗಿಂತ ಚೆನ್ನಾಗಿ ಯಾರು ಮಾತಾಡಿದ್ರು ಹೇಳಿ."

"ಯಾರೂ ಇಲ್ಲ."

"ಮತ್ತೆ?"

"ಬೋನಲ್ಲಿರೋ ಪ್ರಾಣಿಗಳು ನೂರಕ್ಕೆ ಇಷ್ಟು ಹುಚ್ಚು ಹಿಡಿದು ಸಾಯ್ತವೆ ಅಂದ್ಯಲ್ಲ, ಆ ಲೆಕ್ಕ ಎಲ್ಲಿ ಸಿಕ್ತು?"

ಅದು ವೇದಿಕೆಯ ಮೆಟ್ಟಿಲು ಹತ್ತುವಾಗ ಹುಟ್ಟಿದ ಲೆಕ್ಕ.

"ನೀನು ಗೆದ್ದಿದ್ದು ನಿಜ ಕಣಮ್ಮ. ಹೇಳಿದ್ದು ಸುಳ್ಳು. ಎರಡನ್ನೂ ಕೂಡಿಸಿ ಭಾಗ ಮಾಡ್ದೆ, ಎರಡನೇ ಬಹುಮಾನ ಬಂತು" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಬಸ್ಸಿನಲ್ಲಿ ಬರುವಾಗ ನೋಡಿದರೆ ಅವರೂ ಅದೇ ಶಿಡ್ಲಘಟ್ಟದ ಬಸ್ಸಿನಲ್ಲಿದ್ದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಅಂದಿನಿಂದ ನನ್ನನ್ನು ಅವರು ಕರೆಯುತ್ತಿದ್ದುದು ವಕೀಲಮ್ಮ ಎಂದು. ಯಾವ ಮಾತಿಗೂ "ಆಧಾರ?" ಎಂದು ಎಡಗೈ ಚಾಚುವುದು ಅವರ ಅಭ್ಯಾಸ, ಬಸ್ಸಿನ ಕಂಡಕ್ಟರ್ ಟಿಕೆಟಿಗೆ ಕೈ ಚಾಚುವ ಹಾಗೆ. ಬಲಗೈ ಚಾಚುವಂತಿರಲಿಲ್ಲ. ಅದು ನಡುಗುತ್ತಿತ್ತು. ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದ್ದರಂತೆ. "ನನ್ನ ಮಾತು ಕೇಳೋದು ಬಿಟ್ಟು ಬಹಳ ದಿನ ಆಯ್ತು ಇದು. ನಿನ್ ಥರಾನೇ" ಎನ್ನುತ್ತ ಅದನ್ನು ಎಡಗೈಯಿಂದ ತೊಡೆಯ ಮೇಲೆ ಅದುಮಿ ಹಿಡಿದುಕೊಳ್ಳುತ್ತಿದ್ದರು. ಟೈಪು ಮಾಡಲು ಅವರಿಗೆ ನಾನು ಬೇಕಾದದ್ದು ಹೀಗೆ.

ಅವರ ಮನೆ ಇದ್ದದ್ದು ರೇಷ್ಮೆ ನೂಲು ತೆಗೆಯುವ ಒಂದು ಕಾರ್ಖಾನೆಯ ಮಹಡಿಯ ಮೇಲೆ. ಬೆಂದ ಹುಳುವಿನ ವಾಸನೆ ಕೆಳಗಿನಿಂದ ಹತ್ತಿ ಬಂದು ಪುಸ್ತಕಗಳಿಗೂ ಹಿಡಿದಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೋಣೆಯ ನಡುವೆ ಒಂದು ಕಬ್ಬಿಣದ ಟ್ರಂಕು. ಅದರೊಳಗೆ ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಸೂಜಿ ಚುಚ್ಚಿ ನಿಲ್ಲಿಸಿದ ಪತಂಗಗಳು. ಕೆಳಗಿನ ಕಾರ್ಖಾನೆಯವರು ಒಮ್ಮೆ ಮೇಲೆ ಬಂದು ಇವನ್ನು ಬಗ್ಗಿ ಬಗ್ಗಿ ನೋಡಿ, "ಇದಿ ಗೂಡು ಕಡತದಾ ಸಾರ್?" ಎಂದು ತೆಲುಗಿನಲ್ಲಿ ಕೇಳಿದರು.

"ಕಟ್ಟಲ್ಲ."

"ನೂಲೂ ಬರಲ್ಲ?"

"ಬರಲ್ಲಪ್ಪ."

"ಮತ್ತೆ ಯಾಕ್ ಸಾರ್ ಇಟ್ಕೊಂಡಿದೀರಾ?"

ಮೇಷ್ಟ್ರು ಗಂಭೀರವಾಗಿಯೇ ಯೋಚಿಸಿದರು. "ಅದು ಇದೆ ಅಂತ ಹೇಳೋಕೆ" ಎಂದರು.

ಅವರು ಹುಟ್ಟಿದ್ದು ನಗರಗೆರೆಯ ಒಂದು ರೈತರ ಮನೆಯಲ್ಲಿ. ಚಿಕ್ಕ ವಯಸ್ಸಿನಲ್ಲಿ, ಇಲ್ಲಿ ಕೆಲಸ ಕಾಯಂ ಆಗುವ ಮೊದಲು, ತಾಂಜಾನಿಯಾದ ಬೆಟ್ಟದ ಊರೊಂದರ ಶಾಲೆಗೆ ವಿಜ್ಞಾನ ಹೇಳಿಕೊಡಲು ಹೋಗಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿನ ಕಾಡು, ಮಳೆ, ಮಂಜುಗಳ ವಿಷಯ ನಾನು ಕೇಳಿದಾಗಲೆಲ್ಲ ಅವರು ಮಾತಾಡಿದ್ದು ಶಾಲೆಯ ಅಡುಗೆಯವನ ಬಗ್ಗೆ. ಅವನ ಹೆಸರು ಜುಮಾ. ಮೊದಲ ದಿನ ಮೆಕ್ಕೆಜೋಳದ ಹಿಟ್ಟು ಕಲಸಿ ತಿರುವಿ ಉಂಡೆ ಮಾಡಿ ಬಡಿಸಿದನಂತೆ. "ಬಿಳೀ ಮುದ್ದೆ ಕಣಮ್ಮ, ಅಷ್ಟೇ. ಉಗಾಲಿ ಅಂತಾರೆ ಅವರು. ನಾನು ಮುರಿದು, ಸಾರಲ್ಲಿ ಅದ್ದಿ ನುಂಗಿದ್ದು ನೋಡಿ ಜುಮಾ ಅಡುಗೆಮನೆಯೋರ್ನೆಲ್ಲ ಕರೆದು ತೋರಿಸ್ದ, ಈ ಇಂಡಿಯಾದೋನಿಗೆ ತಿನ್ನೋಕೆ ಬರ್ತದೆ ಅಂತ."

ಶಾಲೆಯ ಅಡುಗೆಮನೆಗೆ ಸುಣ್ಣ ಬಳಿದ ಗೋಡೆ, ಗೋಡೆಗೊಂದು ದೀಪ. ದೀಪಕ್ಕೆ ಬಂದ ಪತಂಗಗಳು ಬೆಳಿಗ್ಗೆ ಗೋಡೆಗೆ ಅಂಟಿಕೊಂಡಿರುತ್ತಿದ್ದವು. ಜುಮಾನ ಕೋಳಿಗಳಿಗೆ ಅದು ಬೆಳಗಿನ ತಿಂಡಿ. ಹೊಸ ಮೇಷ್ಟ್ರಿಗೆ ಹುಳುಗಳ ಮೇಲೆ ಆಸೆ ಎಂದು ಗೊತ್ತಾದ ಮೇಲೆ ಅವನು ಕೋಳಿ ಬಿಡುವ ಮೊದಲು ಗೋಡೆಯನ್ನೊಮ್ಮೆ ನೋಡಿ ಒಳ್ಳೊಳ್ಳೆಯವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಇಡತೊಡಗಿದ. ಒಂದು ದಿನ ಬೆಂಕಿಪೊಟ್ಟಣ ಚಾಚಿ, "ಮ್ವಾಲಿಮು, ಇದು ಆ ಇನ್ನೊಂದಲ್ಲ" ಎಂದನಂತೆ. ಮ್ವಾಲಿಮು ಎಂದರೆ ಅವರ ಭಾಷೆಯಲ್ಲಿ ಮೇಷ್ಟ್ರು. ಮೇಷ್ಟ್ರು ನೋಡಿ, ಅದೇ ಕಣಯ್ಯ, ಮೊನ್ನೆ ಕೊಟ್ಟಿದ್ದೇ ಎಂದರು. ಜುಮಾ ಒಪ್ಪಲಿಲ್ಲ. ಮೊನ್ನೆಯದು ಗೋಡೆಯ ಮೇಲೆ ರೆಕ್ಕೆ ಚಪ್ಪಟೆ ಮಾಡಿ ಕೂರುತ್ತದೆ, ಇದು ತುಸು ಎತ್ತಿ ಕೂರುತ್ತದೆ ಎಂದ. ಎರಡು ಮಳೆಗಾಲದಲ್ಲಿ ಅಂಥ ಐದು ಹಿಡಿದುಕೊಟ್ಟ. ಅವನು ಹೇಳಿದ್ದು ಸರಿ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಇಲ್ಲಿ ಕೂತು, ಪುಸ್ತಕಗಳಲ್ಲಿ ಹುಡುಕಿ ಹುಡುಕಿ ಅದು ಯಾವ ಪುಟದಲ್ಲೂ ಸಿಗದೇ ಹೋದಾಗ.

"ಕಂಡುಹಿಡಿದೋನು ಅವನು. ನಾನು ಅದೇ ಕಣಯ್ಯ ಅಂದೋನು" ಎಂದು ಮೇಷ್ಟ್ರು ನನ್ನೆದುರು ಎಷ್ಟು ಸಲ ಹೇಳಿದ್ದಾರೋ.

ಊರಿಗೆ ಹೊರಡುವಾಗ ಅವರು ಜುಮಾನಿಗೆ ಒಂದು ಮಾತು ಕೊಟ್ಟಿದ್ದರು. ಇದು ಹೊಸದೇ ಆಗಿದ್ದರೆ ನಿನ್ನ ಹೆಸರೇ ಇಡುತ್ತೇನೆ ಎಂದು. ಕೋಳಿ ತಿನ್ನುವ ಹುಳುವಿಗೆ ನನ್ನ ಹೆಸರಾ ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಕೆಲವು ವರ್ಷ ಕಾಗದ ಬರೆದುಕೊಂಡರು. ಆಮೇಲೆ ಆ ಕಡೆಯಿಂದ ಬರುವುದು ನಿಂತುಹೋಯಿತು. ಮೇಷ್ಟ್ರ ಲೇಖನದಲ್ಲಿ ಹೆಸರಿನ ಜಾಗ ಮೊದಲ ದಿನವೇ ತುಂಬಿತ್ತು, ಲ್ಯಾಟಿನ್ ರೂಪದಲ್ಲಿ, ಜುಮೈ ಎಂದು. ಉಳಿದದ್ದೆಲ್ಲ ಖಾಲಿ.

ಉಳಿದದ್ದನ್ನು ತುಂಬಿಸಲು ನಾವು ಪಟ್ಟ ಪಾಡೇ ಒಂದು ಕಥೆ. ಮೊದಲ ದಿನ ಅವರು ಭೂತಗನ್ನಡಿ ಕೊಟ್ಟು, ಕಂಡದ್ದನ್ನು ಹೇಳು ಎಂದರು. ಸುಂದರವಾದ ಕಂದು ರೆಕ್ಕೆ ಎಂದೆ.

"ಸುಂದರ ತೆಗಿ. ಅದು ನಿನ್ ತಲೇಲಿರೋದು, ರೆಕ್ಕೇಲಿಲ್ಲ."

"ಕಂದು ರೆಕ್ಕೆ."

"ಯಾವ ಕಂದು?"

ಕಂದಿನಲ್ಲಿ ಎಷ್ಟು ಕಂದು ಎಂದು ನನಗೆ ಗೊತ್ತಾದದ್ದು ಆ ವರ್ಷ. ಬೆಲ್ಲದ ಕಂದಲ್ಲ, ಹುಣಸೆಯ ಕಂದಲ್ಲ. ಮಂಚೇನಹಳ್ಳಿಗೆ ಒಮ್ಮೆ ಅವರ ಜೊತೆ ಹೋಗಿದ್ದಾಗ ಉತ್ತ ಹೊಲದ ಮುಂದೆ ಬಸ್ಸು ನಿಂತಿತು. ಕಿಟಕಿಯಿಂದ ನೋಡಿ, "ಇದಾ ಸರ್?" ಎಂದೆ. "ಹತ್ರ ಬಂದೆ. ಇದರಲ್ಲಿ ಕೆಂಪು ಜಾಸ್ತಿ" ಎಂದರು. ಕೊನೆಗೆ ಸಿಕ್ಕಿದ್ದು ನಮ್ಮ ಮನೆಯ ಅಡುಗೆಮನೆಯಲ್ಲೇ. ಅಮ್ಮ ರಾಗಿ ಹುರಿಯುತ್ತಿದ್ದಳು; ಹಸಿ ಹೋಗಿದೆ, ಸೀದಿಲ್ಲ, ಅಂಥ ಹೊತ್ತು. ಓಡಿಹೋಗಿ ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಅವರ ಮಹಡಿ ಹತ್ತಿದೆ. ಅವರು ಪತಂಗದ ಪಕ್ಕ ನಾಲ್ಕು ಕಾಳು ಇಟ್ಟು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. "ಬರ್ಕೋ" ಎಂದರು. ಇಂಗ್ಲಿಷಿನ ಲೇಖನಕ್ಕೆ ಅದಕ್ಕೆ ಸರಿಯಾದ ಪದವೊಂದು ಹುಡುಕಿದೆವು ನಿಜ. ಕನ್ನಡದ ಕರಡಿನಲ್ಲಿ ಇನ್ನೂ ಹಾಗೇ ಇದೆ: ಮುಂದಿನ ರೆಕ್ಕೆ ಹುರಿದ ರಾಗಿಯ ಬಣ್ಣ. ಅಂಚಿಗೆ ಸಮನಾಗಿ ಒಣಹುಲ್ಲಿನ ಬಣ್ಣದ ಒಂದು ಗೆರೆ, ಕೊನೆಯಲ್ಲಿ ಒಳಕ್ಕೆ ಬಾಗಿದ್ದು. ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಹಿಂದಿನ ರೆಕ್ಕೆ ಮಾಸಲು, ಗುರುತಿಲ್ಲದ್ದು.

ಇಷ್ಟು ಸಾಕಲ್ಲ ಎಂದು ನಾನು ಅಂದುಕೊಂಡಿದ್ದೆ. ಸಾಲದು. ಪತಂಗಗಳಲ್ಲಿ ರೆಕ್ಕೆಯ ಬಣ್ಣ ಒಂದೇ ಜಾತಿಯಲ್ಲೂ ಬೇರೆ ಬೇರೆ ಇರಬಹುದು. ಇದು ಬೇರೆ ಜಾತಿ ಎಂದು ಸಾಬೀತು ಮಾಡುವ ಆಧಾರ ಗಂಡಿನ ಹೊಟ್ಟೆಯ ತುದಿಯಲ್ಲಿದೆ, ಕೂಡುವ ಅಂಗಗಳ ಆಕಾರದಲ್ಲಿ. ಹೊಟ್ಟೆಯನ್ನು ಬಿಡಿಸಿಕೊಂಡು, ಪೊಟ್ಯಾಷ್ ನೀರಿನಲ್ಲಿ ಹಾಕಿ, ಬಿಸಿನೀರಿನ ಮೇಲಿಟ್ಟು ಮೆತ್ತಗೆ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಆ ಭಾಗವನ್ನು ಒಡೆಯದ ಹಾಗೆ ಹೊರತೆಗೆದು ಚಿತ್ರ ಬರೆಯಬೇಕು. ಆದರೆ ಟ್ರಂಕು ನಗರಗೆರೆಯ ಮನೆಯ ಅಟ್ಟದಲ್ಲಿದ್ದ ವರ್ಷಗಳಲ್ಲಿ ಜೀರುಂಡೆ ಮರಿಗಳು ನುಗ್ಗಿ ಜುಮಾ ಕೊಟ್ಟ ಐದರಲ್ಲಿ ನಾಲ್ಕರ ಮೈ ತಿಂದು ರೆಕ್ಕೆ ಮಾತ್ರ ಬಿಟ್ಟಿದ್ದವು. ಪೂರ್ತಿ ಉಳಿದ ಗಂಡು ಒಂದೇ ಒಂದು.

"ಡಿಎನ್‌ಎ ಮಾಡಿಸಿ ಸರ್."

"ಇದರ ಒಂದು ಕಾಲು ಲ್ಯಾಬಿಗೆ ಕಳಿಸಿದ್ದೆ. ಬಹಳ ಹಳೇದು, ಏನೂ ಸಿಗಲಿಲ್ಲ ಅಂದ್ರು. ವಕೀಲಮ್ಮ, ಇರೋ ಸಾಕ್ಷಿ ಇದೊಂದೇ."

ಅವರ ಕೈ ನೋಡಿದರೆ ಆ ಕೆಲಸ ಅವರಿಂದ ಆಗುವಂತಿರಲಿಲ್ಲ. ಜರ್ಮನಿಯ ಒಂದು ಸಂಗ್ರಹಾಲಯದಲ್ಲಿ ಆಫ್ರಿಕಾದ ಪತಂಗಗಳನ್ನು ಬಲ್ಲ ಹೆಂಗಸೊಬ್ಬರು ಅವರಿಗೆ ಪತ್ರದ ಪರಿಚಯ. ಭದ್ರವಾಗಿ ಕಳಿಸಿಕೊಡಿ, ನಾನು ಬಿಡಿಸಿ ಚಿತ್ರ ಬರೆದು ವಾಪಸು ಕಳಿಸುತ್ತೇನೆ, ಲೇಖನ ನಿಮ್ಮದೇ ಎಂದು ಆಕೆ ಬರೆದಿದ್ದರು. ಮೇಷ್ಟ್ರು ಕಳಿಸುವವರಿದ್ದರು. ತಡೆದವಳು ನಾನು.

"ಕೊಟ್ರೆ ಮುಗೀತು ಸರ್. ಅವರೇ ಮಾಡ್ಕೋತಾರೆ. ಕದೀತಾರೆ."

"ಆಧಾರ?"

"ಇಷ್ಟು ದಿನ ನಮ್ಮ ದೇಶದ್ದು, ಆಫ್ರಿಕಾದ್ದು ಅವರು ತಗೊಂಡು ಹೋಗಿದ್ದೆಲ್ಲಾ ಆಧಾರಾನೇ."

"ಅದು ಇತಿಹಾಸ. ಈ ಹೆಂಗಸಿನ ಮೇಲೆ ಏನಿದೆ ನಿನ್ ಹತ್ರ?"

ಏನೂ ಇರಲಿಲ್ಲ. ಏನೂ ಇಲ್ಲದೆ ವಾದ ಮಾಡುವುದನ್ನೇ ನಾನು ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಕಲಿತದ್ದು. ನನ್ನ ಹತ್ತಿರ ಇನ್ನೊಂದು ಅಸ್ತ್ರವಿತ್ತು, ನಮ್ಮಮ್ಮ.

ಅಮ್ಮ ಮೂವತ್ತು ವರ್ಷ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯೊಂದರಲ್ಲಿ ದುಡಿದವಳು. ಅಲ್ಲಿ ಅವಳ ಕೆಲಸ ತಾಯಿ ಚಿಟ್ಟೆಯ ಪರೀಕ್ಷೆ; ರೇಷ್ಮೆಯ ಪತಂಗಕ್ಕೆ ಅಲ್ಲಿ ಚಿಟ್ಟೆ ಎನ್ನುತ್ತಾರೆ. ಮೊಟ್ಟೆಯಿಟ್ಟ ಪ್ರತಿಯೊಂದು ಹೆಣ್ಣು ಚಿಟ್ಟೆಯನ್ನೂ ಪುಟ್ಟ ಪಿಂಗಾಣಿ ಕುಟ್ಟಾಣಿಗೆ ಹಾಕಿ, ಎರಡು ತೊಟ್ಟು ಪೊಟ್ಯಾಷ್ ನೀರು ಬಿಟ್ಟು, ಅರೆದು, ಆ ರಸವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ಅಂಟುವ ಗಂಟುರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡಬೇಕು. ಅಪ್ಪ ಬುದ್ಧ ವಂದನೆ ತಪ್ಪಿಸದ ಮನುಷ್ಯ, ವಿದ್ಯುತ್ ಇಲಾಖೆಯ ನೌಕರ. "ನಾನಿಲ್ಲಿ ಪ್ರಾಣಿಹಿಂಸೆ ಬೇಡ ಅಂತ ಪಂಚಶೀಲ ಹೇಳ್ತಾ ಕೂತಿದ್ರೆ ಇವಳು ಬೆಳಿಗ್ಗೆಯಿಂದ ಸಂಜೆ ಚಿಟ್ಟೆ ಅರೀತಾಳೆ" ಎಂದು ಅವಳನ್ನು ರೇಗಿಸುತ್ತಿದ್ದ. "ನಿಮ್ಮ ಶೀಲಕ್ಕೆ ಅಕ್ಕಿ ತರ್ತಿದ್ದಿದ್ದು ಆ ಚಿಟ್ಟೇನೇ" ಎನ್ನುವುದು ಅಮ್ಮನ ಉತ್ತರ. ಏಳನೆಯ ತರಗತಿ ಓದಿದವಳು ಸೂಕ್ಷ್ಮದರ್ಶಕವನ್ನು ಕನ್ನಡಕ ಹಾಕಿಕೊಂಡಷ್ಟು ಸಲೀಸಾಗಿ ಹಿಡಿಯುತ್ತಿದ್ದಳು.

"ಚಿಟ್ಟೆ ಹೊಟ್ಟೆ ವಿಚಾರದಲ್ಲಿ ನಮ್ಮಮ್ಮನಿಗಿಂತ ಕೈ ಪಳಗಿರೋರು ಜರ್ಮನೀಲಿ ಇದಾರಾ ಸರ್? ಡಿಗ್ರಿ ಇಲ್ಲ ಅಂತ ಬೇಡ ಅಂತೀರಾ? ಜುಮಾಗೆ ಯಾವ ಡಿಗ್ರಿ ಇತ್ತು?"

ಈ ಕೊನೆಯ ಮಾತಿಗೆ ಅವರು ಆಧಾರ ಕೇಳುವಂತಿರಲಿಲ್ಲ. ಅಂಥ ಮಾತನ್ನೇ ನಾನು ಆರಿಸಿ ಆಡಿದ್ದೆ. ಎರಡು ವಾರ ಎಳೆದಾಡಿ ಒಪ್ಪಿದರು. ಅಮ್ಮನಿಗೆ ಹಿಗ್ಗೋ ಹಿಗ್ಗು. "ನಿನ್ ಸಾಮಾನೆಲ್ಲಾ ತಗೊಂಡ್ ಬಾ" ಎಂದು ಹೇಳಿದ್ದೂ ನಾನೇ.

ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಫೋನು ಮಾಡಿದರು.

"ವಕೀಲಮ್ಮ, ಅಮ್ಮಂಗೆ ಒಂದ್ ಮಾತು ಹೇಳ್ಬಿಡು. ಕುಟ್ಟಾಣಿ ಬೇಡ. ಅರಿಯೋ ಹಾಗಿಲ್ಲ, ಬರೀ ನೆನೆಸೋದು. ನಾನೇ ಹೇಳಿದ್ರೆ ಅವರಿಗೆ ಗೊತ್ತಿಲ್ಲ ಅಂದಂಗಾಗ್ತದೆ. ನೀನು ಮಗಳು, ಹೇಳು."

"ಹ್ಞೂಂ ಸರ್" ಎಂದೆ.

ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅಮ್ಮ ಬಿಳಿ ಬಟ್ಟೆಯಲ್ಲಿ ತನ್ನ ಸಾಮಾನು ಕಟ್ಟಿಕೊಂಡು, ಹಬ್ಬದ ಸೀರೆ ಉಟ್ಟು, ಬಾಗಿಲಲ್ಲಿ ನಿಂತಿದ್ದಳು. ಇಂಥವಳಿಗೆ ಅರೆಯಬೇಡ ಎಂದು ಹೇಳುವುದು ಅವಮಾನ ಎಂದುಕೊಂಡೆ. ಎರಡು ವಾರದಿಂದ ಅವಳಿಗೆ ಎಲ್ಲ ಗೊತ್ತು ಎಂದು ಮೇಷ್ಟ್ರೊಡನೆ ವಾದಿಸಿದವಳು, ಗೊತ್ತಿಲ್ಲದ್ದೊಂದಿದೆ ಎಂದು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ.

ಕಿಟಕಿಯ ಪಕ್ಕ ಮೇಜು, ಸೂಕ್ಷ್ಮದರ್ಶಕ, ಬಿಳಿ ಬಟ್ಟೆ. ಅಮ್ಮ ಚಿಮಟದಿಂದ ಆ ಗಂಡು ಪತಂಗದ ಹೊಟ್ಟೆಯನ್ನು ಬಿಡಿಸಿದಳು. ರೆಕ್ಕೆಯಿಂದ ಚೂರು ಪುಡಿಯೂ ಉದುರಲಿಲ್ಲ. ಮೇಷ್ಟ್ರು ಬಗ್ಗಿ ನೋಡಿ, "ಅಬ್ಬ, ಏನ್ ಕೈ ಅಮ್ಮ ನಿಮ್ದು" ಎಂದರು. ನನ್ನ ಮುಖ ನೋಡಿ, ಸೋತೆ ಎನ್ನುವಂತೆ ತಲೆಯಾಡಿಸಿದರು. ಪೊಟ್ಯಾಷಿನ ಬಟ್ಟಲು ಇಡಲು ಬಿಸಿನೀರು ತರುತ್ತೇನೆಂದು ಅಡುಗೆಮನೆಗೆ ಹೋದರು. ಕೈ ನಡುಗಿ ಚೆಲ್ಲೀತೆಂದು ನಾನು ಹಿಂದೆ ಹೋದೆ. ಪಾತ್ರೆ ಹಿಡಿದು ನಾವಿಬ್ಬರೂ ತಿರುಗಿ ಬಂದಾಗ ಅಮ್ಮ ಗಾಜಿನ ಮೇಲೆ ರಸ ಸವರುತ್ತಿದ್ದಳು.

ಅವಳ ಪಾಲಿಗೆ ಹೊಟ್ಟೆ, ಪೊಟ್ಯಾಷ್, ಕುಟ್ಟಾಣಿ ಮೂರೂ ಒಂದೇ ಕೆಲಸ. ನಡುವೆ ನಿಲ್ಲಬೇಕೆಂದು ಮೂವತ್ತು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. "ತಗೊಳ್ಳಿ ಸಾರ್, ನೋಡಿ" ಎಂದು ಗಾಜನ್ನು ಮುಂದೆ ಚಾಚಿದಳು.

ಮೇಷ್ಟ್ರು ಬಿಸಿನೀರಿನ ಪಾತ್ರೆಯನ್ನು ಕೆಳಗಿಟ್ಟರು. ಒಂದು ಸಲ ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ಕುರ್ಚಿ ಎಳೆದುಕೊಂಡು, ಆ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣು ಹಚ್ಚಿ, ಬಹಳ ಹೊತ್ತು ನೋಡಿದರು. ಕೆಳಗಿನ ಕಾರ್ಖಾನೆಯಲ್ಲಿ ನೂಲಿನ ರಾಟೆಗಳು ತಿರುಗುತ್ತಿದ್ದವು.

"ಗಂಟುರೋಗ ಇಲ್ಲಮ್ಮ" ಎಂದರು. "ಒಳ್ಳೇ ಆರೋಗ್ಯವಾಗಿದ್ದ."

ಅಮ್ಮನಿಗೆ ಆಗಲೂ ತಿಳಿಯಲಿಲ್ಲ. ನನ್ನ ಮುಖ ನೋಡಿದ ಮೇಲೆ ತಿಳಿಯಿತು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಹೆಣ್ಣು ಚಿಟ್ಟೆ ಮಾತ್ರ ಅರೆದು ಗೊತ್ತು ಸಾರ್ ನನಗೆ. ಗಂಡು ಅಂತ ಹೇಳಿದಾಗಲೇ ನನಗೆ ಹೊಳೀಬೇಕಿತ್ತು" ಎಂದು ಅದನ್ನೇ ನಾಲ್ಕೈದು ಸಲ ಹೇಳಿದಳು. ಮೇಷ್ಟ್ರು ಅವಳಿಗೆ ಕಾಫಿ ಮಾಡಿಕೊಟ್ಟರು. ಲೋಟ ಅವರ ಕೈಯಿಂದ ಅವಳ ಕೈಗೆ ದಾಟುವಾಗ ಅರ್ಧ ಚೆಲ್ಲಿತು.

ಮರುದಿನ ಜರ್ಮನಿಯ ಹೆಂಗಸಿಗೆ ಒಂದು ಇಮೇಲು ಬರೆಸಿದರು. ಗಂಡಿನ ಮಾದರಿ ನನ್ನ ಕೈಯಲ್ಲಿ ಹಾಳಾಯಿತು, ನನ್ನ ಕೈ ನಡುಗುತ್ತದೆ ಎಂದು. ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ. "ಬರಿ" ಎಂದರು. ಬರೆದೆ. ಆಕೆಯ ಉತ್ತರ ಬಂತು, ಬಹಳ ಮೆಲುದನಿಯ ಉತ್ತರ. ರೆಕ್ಕೆಗಳನ್ನು ಜೋಪಾನವಾಗಿಡಿ, ಯಾರಾದರೂ ಆ ಬೆಟ್ಟಕ್ಕೆ ಹೋಗಿ ಇನ್ನೊಂದು ಗಂಡು ತಂದರೆ ಮುಂದುವರಿಸಬಹುದು ಎಂದು. ಆ ಬೆಟ್ಟದಲ್ಲಿ ಈಗ ಟೀ ತೋಟ ಎಂದು ಮೇಷ್ಟ್ರಿಗೂ ಗೊತ್ತಿತ್ತು, ಆಕೆಗೂ ಗೊತ್ತಿದ್ದಿರಬೇಕು. ಕದ್ದರು ಎಂದು ನಾಲ್ಕು ಜನ ವೇದಿಕೆಯ ಮೇಲೆ ಹೇಳಿದ್ದು ಈ ಹೆಂಗಸಿನ ಬಗ್ಗೆ.

ಊರಿನ ಜನ ಕೇಳುತ್ತಿದ್ದರು. ಟೀ ಅಂಗಡಿಯಲ್ಲಿ, ಕೈವಾರದ ಬಸ್ಸಿಗೆ ಕಾಯುವಾಗ, ಹಳೆಯ ಶಿಷ್ಯರು ಮನೆಗೆ ಬಂದಾಗ. "ಏನಾಯ್ತು ಸಾರ್ ನಿಮ್ ಪತಂಗ?" ಮೇಷ್ಟ್ರು ಸಲೀಸಾಗಿ ಹೇಳುತ್ತಿದ್ದರು, "ಹೊರಗಿನೋರು ಮೊದಲೇ ಮಾಡ್ಕೊಂಡ್ಬಿಟ್ರಪ್ಪ." ಅದು ಬಾಯಿಂದ ಬಾಯಿಗೆ ಹೋಗುವಾಗ ಕಳ್ಳತನವಾಯಿತು, ಆಮೇಲೆ ಜಿಲ್ಲೆಯ ಕೀರ್ತಿಯಾಯಿತು. ಮೊದಲ ಸಲ ಅವರ ಬಾಯಲ್ಲಿ ಆ ಮಾತು ಕೇಳಿದ ದಿನ ನನಗೆ ಮೈ ಉರಿಯಿತು. ಅದು ನನ್ನದೇ ವಾದ. ಅವರ ಎದುರು ಆಧಾರವಿಲ್ಲದೆ ಬಿದ್ದುಹೋಗಿದ್ದ ವಾದ.

"ಸರ್, ಇದಕ್ಕೆ ಆಧಾರ?" ಎಂದು ಅವರ ಹಾಗೇ ಕೈ ಚಾಚಿದೆ.

ಅವರು ಕೈ ನೋಡಿದರು. "ಇದೊಂದಕ್ಕೆ ಕೇಳ್ಬೇಡ ವಕೀಲಮ್ಮ."

"ನಮ್ಮಮ್ಮನ್ನ ಉಳಿಸೋಕೆ ಸುಳ್ಳು ಹೇಳ್ತಿದೀರಾ."

"ಹೂಂ ಅಂತ ಇಟ್ಕೋ" ಎಂದು ಕಿಟಕಿಯ ಕಡೆ ತಿರುಗಿದರು.

ಹಾಗೇ ಇಟ್ಟುಕೊಂಡೆ. ನನಗೂ ಅದು ಅನುಕೂಲವಾಗಿತ್ತು.

ಆಮೇಲೆ ಅವರು ಟ್ರಂಕು ತೆರೆದದ್ದನ್ನು ನಾನು ನೋಡಲಿಲ್ಲ. ಲೇಖನ ನನ್ನ ಲ್ಯಾಪ್‌ಟಾಪಿನಲ್ಲಿದೆ. ಹೆಸರು ಇದೆ, ರೆಕ್ಕೆ ಇದೆ, ಸಿಕ್ಕ ಊರು ಇದೆ, ಹಿಡಿದವನು ಜುಮಾ ಎಂದು ಇದೆ. ಗಂಡಿನ ಅಂಗಗಳ ವಿವರ ಎಂಬ ಶೀರ್ಷಿಕೆಯ ಕೆಳಗೆ ಏನೂ ಇಲ್ಲ. ಪ್ರಕಟವಾಗದ ಹೆಸರು ಹೆಸರಲ್ಲ, ಅದು ಈ ವಿದ್ಯೆಯ ನಿಯಮ. ಕೊಟ್ಟ ಮಾತು ಹಾಗೇ ಉಳಿಯಿತು.

ಅಮ್ಮ ಒಂದು ತಿಂಗಳು ಆ ಬೀದಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಹೋದಳು. ಕೊನೆಯ ತಿಂಗಳುಗಳಲ್ಲಿ ದಿನಾಲೂ ಹೋಗಿ ಮುದ್ದೆಯನ್ನು ಸಣ್ಣ ಸಣ್ಣ ಗುಳಿಗೆ ಮಾಡಿ ಅವರ ಬಾಯಿಗಿಡುತ್ತಿದ್ದಳು. ಅಷ್ಟು ಹೊತ್ತಿಗೆ ನುಂಗುವುದೂ ಕಷ್ಟವಾಗಿತ್ತು. ತಿಂದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು, ಅದರಲ್ಲೇ ಹೋದರು. ಇದು ವೈದ್ಯರು ಹೇಳಿದ್ದು. ಕೊರಗಿನಿಂದ ಯಾರೂ ಸಾಯುವುದಿಲ್ಲ ಎಂದು ವಾದಿಸಲು ನನಗೆ ಇಷ್ಟು ಸಾಕು. ಆದರೆ ಆ ಭಾನುವಾರದ ಆಚೆಗೆ ಅವರು ಬಣ್ಣ ಯಾವುದೆಂದು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಈ ಮೂರನೆಯ ಮಾತನ್ನು ಆ ನಾಲ್ವರಿಗೇ ಬಿಟ್ಟುಕೊಡುತ್ತೇನೆ.

ಸಭೆ ಮುಗಿಸಿ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಮಧ್ಯಾಹ್ನದ ಬಸ್ಸು ಹಿಡಿದೆವು. ಕೂರಲು ಜಾಗ ಸಿಕ್ಕಿತು. ನಾನು ಇನ್ನೂ ಕುದಿಯುತ್ತಿದ್ದೆ. ಪತ್ರಿಕೆಗೆ ಬರೆಯುತ್ತೇನೆ, ಆ ಜರ್ಮನಿಯವರ ಹೆಸರು ಸುಮ್ಮಸುಮ್ಮನೆ ಹಾಳಾಗಬಾರದು, ಸತ್ಯ ಹೇಳಲೇಬೇಕು ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅಮ್ಮ ಸೆರಗು ಮಡಿಲಲ್ಲಿ ಸುತ್ತಿಕೊಂಡು ಕೇಳಿಸಿಕೊಂಡಳು.

"ಬರಿ. ನಾನ್ ಮಾಡಿದ್ದು ಅಂತಾನೇ ಬರಿ. ನನಗೇನ್ ನಾಚಿಕೆ ಇಲ್ಲ" ಎಂದಳು. "ಅವರೇ ಬೇಡ ಅಂತಿದ್ರು. ಯಾರ ಹತ್ರಾನೂ ಹೇಳ್ಬೇಡಿ ಅಮ್ಮ, ನಿಮ್ ಮಗಳು ಚಿಕ್ಕೋಳು, ಜೀವನ ಪೂರ್ತಿ ಹೊತ್ಕೊಂಡು ತಿರುಗ್ತಾಳೆ ಅಂತ. ಅರೆದೋಳು ನಾನು, ಇವಳು ಯಾಕ್ ಹೊತ್ಕೋತಾಳೆ ಅಂತ ನನಗೆ ಆಗ ಅರ್ಥ ಆಗ್ಲಿಲ್ಲ."

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಅವರು ಉಳಿಸಿದ್ದು ಅಮ್ಮನನ್ನಲ್ಲ. ಪಾತ್ರೆ ಕೆಳಗಿಟ್ಟು ಆ ಒಂದು ಸಲ ನನ್ನ ಕಡೆ ನೋಡಿದಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಅಷ್ಟು ದಿನ ಆ ಮನುಷ್ಯ ಊರಿಗೆಲ್ಲ ಸುಳ್ಳು ಹೇಳಿಕೊಂಡು ತಿರುಗಿದ್ದು ನನಗಾಗಿ.

ಬಸ್ಸು ಒಂದು ಹಳ್ಳಿಯ ಗೇಟಿನಲ್ಲಿ ನಿಂತು ಜನರನ್ನು ಹತ್ತಿಸಿಕೊಂಡು ಹೊರಟಿತು. ಅಮ್ಮ ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ.

"ಚಿಮಟ ಎಲ್ಲಿಡ್ಬೇಕು, ಬಟ್ಟೆ ಯಾವ ಕಡೆ ಹಾಸ್ಬೇಕು, ಎಲ್ಲಾ ಹೇಳೋ ಮನುಷ್ಯ ಅವರು. ಅರೀಬೇಡಿ ಅಂತ ಒಂದ್ ಮಾತು ನಿನ್ ಹತ್ರ ಹೇಳಿ ಕಳಿಸಿರಲಿಲ್ವೇನಮ್ಮ?"